ಒಂಬತ್ತನೆಯ ಚುಕ್ಕಿ

ಪೀಣ್ಯದ ಎರಡನೆಯ ಹಂತದಲ್ಲಿ, ಬಾಗಿಲು ಮುಚ್ಚಿ ಆರು ವರ್ಷವಾಗಿದ್ದ ಒಂದು ಸ್ಪ್ರಿಂಗ್ ಕಾರ್ಖಾನೆಯ ಶೆಡ್ಡಿನೊಳಗೆ ಹಿರೇಗಡದ ಅರಮನೆ ನಿಂತಿತ್ತು. ಅದರ ಕಂಬಗಳು ಪ್ಲೈವುಡ್ಡಿನವು. ಸಿಂಹಾಸನದ ಸಿಂಹಗಳು ಥರ್ಮೋಕೋಲಿನವು. ನೆಲದೊಳಕ್ಕೆ ಇಳಿದಿದ್ದ ಯಂತ್ರದೆಣ್ಣೆಯ ವಾಸನೆಯೊಂದೇ ಅಲ್ಲಿ ಅಪ್ಪಟವಾದದ್ದು. ಎಷ್ಟು ಧೂಪ ಹಾಕಿದರೂ ಅದು ದರ್ಬಾರನ್ನು ಬಿಟ್ಟು ಹೋಗಿರಲಿಲ್ಲ. ‘ಹಿರೇಗಡದ ರಾಣಿ’ ಧಾರಾವಾಹಿಯ ಮೊದಲನೆಯ ಸೀಸನ್ ದಸರೆಯ ಹೊತ್ತಿಗೆ ಮುಗಿದಿತ್ತು. ಕೋಟೆ ಶತ್ರುವಶವಾಗಿ, ರಾಣಿ ಹೊನ್ನಮ್ಮಾಜಿ ಎಳೆಯ ಕುವರನನ್ನು ಎದೆಗೆ ಅವಚಿಕೊಂಡು ಗುಪ್ತದ್ವಾರದಿಂದ ಹೊರಬಿದ್ದಲ್ಲಿಗೆ ಕಥೆಯನ್ನು ನಿಲ್ಲಿಸಿ ನೋಡುಗರನ್ನು ಆರು ತಿಂಗಳು ಕಾಯಿಸಿದ್ದರು. ಎರಡನೆಯ ಸೀಸನ್ನಿನಲ್ಲಿ ಆಕೆ ಹೆಸರು ಮರೆಸಿಕೊಂಡು ಒಬ್ಬ ರೈತನ ಮನೆಯಲ್ಲಿ ಏಳು ವರ್ಷ ಬಾಳಬೇಕು. ಅದಕ್ಕಾಗಿ ಅಂತಃಪುರವನ್ನು ಕಳಚಿ, ಅದೇ ಜಾಗದಲ್ಲಿ ಮಣ್ಣು ಮೆತ್ತಿದ ಗೋಡೆಯ ಅಡುಗೆಮನೆಯೊಂದನ್ನು ಕಟ್ಟಿದರು. ಒಲೆ ಬಂತು, ನೆಲುವು ಬಂತು, ಹಂಚು ಬಂತು. ಬಾರದೆ ಉಳಿದದ್ದು ರೊಟ್ಟಿ ಬಡಿಯುವ ಕೈ.

ರಾಣಿಯ ಪಾತ್ರ ವಹಿಸುತ್ತಿದ್ದ ಸ್ಫೂರ್ತಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಿಂದ ಎರಡು ಗಂಟೆ ಕಾರಿನಲ್ಲಿ ಪಯಣಿಸಿ ಬರುತ್ತಿದ್ದಳು. ಮೊದಲನೆಯ ಸೀಸನ್ನಿಗಾಗಿ ಕತ್ತಿ ಹಿಡಿಯುವುದನ್ನೂ ಕುದುರೆಯ ಮೇಲೆ ಕೂರುವುದನ್ನೂ ಶ್ರದ್ಧೆಯಿಂದ ಕಲಿತಿದ್ದವಳು, ಮೂರು ದಿನ ಹಟ ಹಿಡಿದು ಕೂತರೂ ಜೋಳದ ಹಿಟ್ಟನ್ನು ಮಾತ್ರ ಪಳಗಿಸಲಾರದೆ ಹೋದಳು. ರೊಟ್ಟಿ ಅಂಗೈಯಗಲವಾಗುವಷ್ಟರಲ್ಲಿ ಅಂಚು ಹರಿಯುತ್ತಿತ್ತು. ಮುಖ ಸ್ಫೂರ್ತಿಯದೇ ಇರಲಿ, ಕೈ ಬೇರೆಯವರದಾಗಲಿ ಎಂದು ನಿರ್ದೇಶಕ ಮಲ್ಲಿಕ್ ಕೊನೆಗೆ ತೀರ್ಮಾನಿಸಿದ. ಕೈ ಹುಡುಕುವ ಕೆಲಸ ಸಹನಿರ್ದೇಶಕಿ ಶಾಂಭವಿಯ ಪಾಲಿಗೆ ಬಂತು. ರಾಣಿಯ ಕೈಯಲ್ಲಿ ಎಷ್ಟು ಬಳೆ, ಬೈತಲೆ ಎತ್ತ, ದೀಪದಲ್ಲಿ ಎಣ್ಣೆ ಎಲ್ಲಿಯವರೆಗೆ ಎಂದು ಒಂದು ದೃಶ್ಯವನ್ನು ಇನ್ನೊಂದರೊಡನೆ ತಾಳೆ ನೋಡುವುದು ಅವಳ ನಿತ್ಯದ ಉದ್ಯೋಗ. ದಾವಣಗೆರೆಯವಳಾದ್ದರಿಂದ ಒಳ್ಳೆಯ ರೊಟ್ಟಿ ಎಂಥದೆಂಬುದೂ ಅವಳಿಗೆ ತಿಳಿದಿತ್ತು. ಚಿತ್ರೀಕರಣದವರಿಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದ ಖಾನಾವಳಿಗೆ ಹೋಗಿ, ಒಲೆಯ ಮುಂದೆ ಕೂತಿದ್ದ ಶಿವಲಿಂಗಮ್ಮನನ್ನು ಕರೆತಂದಳು.

ಶಿವಲಿಂಗಮ್ಮ ಬಾದಾಮಿ ತಾಲೂಕಿನ ಹೆಣ್ಣುಮಗಳು. ಗಂಡ ಈಶಪ್ಪನೊಡನೆ ಕಟ್ಟಡದ ಕೆಲಸಕ್ಕೆಂದು ಬಂದು ಹದಿನೆಂಟು ವರ್ಷವಾಗಿತ್ತು. ಗಂಡ ಈಗ ಒಂದು ಗೋದಾಮಿನ ಕಾವಲುಗಾರ; ಈಕೆ ಖಾನಾವಳಿಯಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವವಳು. ಇಬ್ಬರೂ ಈರಣ್ಣನ ವಠಾರದಲ್ಲಿ ಬಾಡಿಗೆಗಿದ್ದರು. ಅಲ್ಲಿ ಎಂಟು ಮನೆಗಳಿಗೆ ಒಂದೇ ನಲ್ಲಿ. ಬೆಳಿಗ್ಗೆ ಆರಕ್ಕೆ ಬಂದ ನೀರು ಏಳಕ್ಕೆ ನಿಲ್ಲುತ್ತಿತ್ತು. ಇಂದು ಯಾರ ಕೊಡ ಮೊದಲು, ನಿನ್ನೆ ಯಾರದಾಗಿತ್ತು ಎಂಬುದನ್ನು ಯಾರೂ ಬರೆದಿಡುತ್ತಿರಲಿಲ್ಲ. ಶಿವಲಿಂಗಮ್ಮ ಹೇಳಿದರೆ ಮುಗಿಯಿತು. ಇತರ ಎಷ್ಟೋ ವಠಾರಗಳಲ್ಲಿ ಕೊಡಗಳು ಉರುಳಿ ತಲೆಗಳು ಒಡೆದಿದ್ದರೂ, ಈರಣ್ಣನ ವಠಾರದಲ್ಲಿ ನಲ್ಲಿಯ ಮುಂದೆ ಗದ್ದಲವಾದದ್ದಿಲ್ಲ. ಆಕೆ ಸುಳ್ಳಾಡಿದ್ದನ್ನು ಆ ಎಂಟು ಮನೆಯವರಲ್ಲಿ ಒಬ್ಬರೂ ಕೇಳಿರಲಿಲ್ಲವೆಂಬುದೇ ಇದಕ್ಕೆ ಕಾರಣ. ಆ ನಂಬಿಕೆಯ ಹೊರತು ಆಕೆಗೆ ಆ ಊರಿನಲ್ಲಿ ಬೇರೆ ಅಧಿಕಾರವಿರಲಿಲ್ಲ; ಅದರ ಬೆಲೆ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಚಿತ್ರೀಕರಣದ ದಿನ ಆಕೆಗೆ ಸ್ಫೂರ್ತಿಯ ಸೀರೆಯಂಥದೇ ಸೀರೆ ಉಡಿಸಿ, ಅಷ್ಟೇ ಹಸಿರು ಬಳೆ ತೊಡಿಸಿದರು. ತೊಡಕಾದದ್ದು ಬಲಗೈಯ ಹಚ್ಚೆ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಒಂದು ಚೌಕ, ಅದರೊಳಗೆ ಮೂರು ಸಾಲಿನಲ್ಲಿ ಚುಕ್ಕಿಗಳು. ಒಂಬತ್ತು ಇರಬೇಕಾದಲ್ಲಿ ಎಂಟೇ ಇದ್ದವು. ಏಳು ವರ್ಷದವಳಿದ್ದಾಗ, ಹಚ್ಚೆ ಹಾಕುವ ಹೆಂಗಸು ಕೊನೆಯ ಚುಕ್ಕಿಗೆ ಸೂಜಿ ಎತ್ತುವಷ್ಟರಲ್ಲಿ ಕೈ ಕಿತ್ತುಕೊಂಡು ಹೊಲಕ್ಕೆ ಓಡಿದ್ದಳಂತೆ. ಆ ಹೆಂಗಸು ಸಂಜೆಯವರೆಗೆ ಕಾದು ಮುಂದಿನ ಊರಿಗೆ ಹೋದಳಂತೆ. ಐವತ್ತೆರಡು ವರ್ಷದಿಂದ ಆ ಮೂಲೆ ಖಾಲಿಯಾಗಿಯೇ ಉಳಿದಿತ್ತು.

ರಾಣಿಯ ಕೈಯಲ್ಲಿ ಹಚ್ಚೆ ಇರಕೂಡದು. ಮೇಕಪ್ಪಿನ ದೇವರಾಜ್ ಒಂದು ಗಂಟೆ ಕೂತು, ಮೈಬಣ್ಣದ ಲೇಪವನ್ನು ಪದರಪದರವಾಗಿ ಹಚ್ಚಿ ಹಚ್ಚೆಯನ್ನು ಅಡಗಿಸಿದ. ಕ್ಯಾಮೆರಾ ಸಿದ್ಧವಾಯಿತು, ದೀಪಗಳು ಹತ್ತಿದವು. ಶಿವಲಿಂಗಮ್ಮ ಹಿಟ್ಟಿನ ಮುಂದೆ ಕೂತವಳು, ಏನೋ ಮರೆತವಳಂತೆ ಎದ್ದು, ಮೂಲೆಯಲ್ಲಿದ್ದ ಬಕೆಟ್ಟಿನ ನೀರಿನಿಂದ ಎರಡೂ ಕೈಗಳನ್ನು ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು ಬಂದು ಕೂತಳು.

ದೇವರಾಜ್ ತಲೆಯ ಮೇಲೆ ಕೈ ಇಟ್ಟುಕೊಂಡ. “ಒಂದು ಗಂಟೆ ಕೂತು ಹಚ್ಚಿದೀನಿ ಕಣಮ್ಮ. ತೊಳ್ದೇ ಬಿಟ್ರಲ್ಲ.”

“ಬಣ್ಣದ ಕೈಲೆ ಹಿಟ್ಟ ಮುಟ್ಟಿದ್ರ, ತಿನ್ನೋರ ಹೊಟ್ಟಿ ಗತಿ ಏನಪಾ?”

“ಇದನ್ನ ಯಾರೂ ತಿನ್ನಲ್ಲಮ್ಮ. ಬರೀ ಶೂಟಿಂಗು.”

“ಯಾರೂ ತಿನ್ನದ ರೊಟ್ಟಿ ಯಾಕ ಬಡೀಬೇಕು?” ಎಂದಳು ಶಿವಲಿಂಗಮ್ಮ. ಆಕೆ ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಳು.

ಶಾಂಭವಿ ಬಂದು ಸಮಾಧಾನವಾಗಿ ಕೇಳಿಕೊಂಡಳು. ಎರಡನೆಯ ಸಲ ಲೇಪ ಹಚ್ಚಿಸಿಕೊಂಡ ಶಿವಲಿಂಗಮ್ಮ, ತೊಳೆಯುವುದಿಲ್ಲವೆಂದು ಮಾತು ಕೊಟ್ಟು, ಕೊಟ್ಟ ಮಾತಿನಂತೆಯೇ ನಡೆದಳು. ಆದರೆ ಜೋಳದ ಹಿಟ್ಟಿಗೆ ಕುದಿಯುವ ನೀರನ್ನೇ ಹೊಯ್ಯಬೇಕು. ಆ ಬಿಸಿಯಲ್ಲಿಯೇ ನಾದಬೇಕು. ಹಬೆಗೂ ಹಿಟ್ಟಿನ ಅಂಟಿಗೂ ಲೇಪ ಕಿತ್ತುಬಂದು, ನಾದಿದ ಮುದ್ದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಆಕೆ ಅದನ್ನು ಬದಿಗೆ ಸರಿಸಿ, ಮುಖ ತಿರುಗಿಸಿಕೊಂಡು ಕೂತಳು. ಸ್ಫೂರ್ತಿ ನಾಲ್ಕು ಗಂಟೆಗೆ ಹೊರಡಬೇಕಾಗಿತ್ತು. ಮಲ್ಲಿಕ್ ಗಡಿಯಾರ ನೋಡಿ, ಹಚ್ಚೆ ಕಂಡರೆ ಕಾಣಲಿ ಎಂದ.

ಶಾಂಭವಿ ಒಪ್ಪಲಿಲ್ಲ. ತೊಂಬತ್ತೆರಡು ಸಂಚಿಕೆಗಳಲ್ಲಿ ರಾಣಿಯ ಕೈ ಬೋಳಾಗಿದೆ. ಈಗ ಹಳೆಯ ಹಚ್ಚೆಯೊಂದು ಮೂಡಿದರೆ ನೋಡುಗರು ಸುಮ್ಮನಿರುವರೇ ಎಂದು ವಾದಿಸಿದಳು. ಅವರ ವಾದವನ್ನು ಅಷ್ಟು ಹೊತ್ತು ಕೇಳುತ್ತಿದ್ದ ಶಿವಲಿಂಗಮ್ಮ ಹಿಟ್ಟಿಗೆ ಹೊಸದಾಗಿ ನೀರು ಹೊಯ್ಯುತ್ತಲೇ ನುಡಿದಳು:

“ಆಕೀ ಅಡಗಿ ಕುಂತಾಳ ಅಂತೀರಿ. ಬೋಳಗೈಲೆ ಹೆಂಗ ಅಡಗತಾಳವ್ವ? ನಮ್ಮ ಕಡೆ ಹಚ್ಚಿ ಇಲ್ಲದ ಕೈ ಕಂಡ್ರ, ಈಕೀ ಯಾರ ಮನೀಯಾಕಿ ಅಂತ ಬಾವಿಕಟ್ಟಿಗೇ ಕೇಳತಿದ್ರು.”

ಮಲ್ಲಿಕ್ ಮೊದಲು ನಕ್ಕ; ಅನಂತರ ನಗುವುದನ್ನು ನಿಲ್ಲಿಸಿ ಕಥೆ ಬರೆಯುವವರಿಗೆ ಫೋನು ಮಾಡಿದ. ಹೀಗೆ ‘ಹಿರೇಗಡದ ರಾಣಿ’ಯ ಎರಡನೆಯ ಸೀಸನ್ನಿನಲ್ಲಿ, ಗುರುತು ಮರೆಸಿಕೊಳ್ಳಲೆಂದು ರಾಣಿ ಹಚ್ಚೆ ಹಾಕಿಸಿಕೊಳ್ಳುವ ಸಂಚಿಕೆಯೊಂದು ಹುಟ್ಟಿಕೊಂಡಿತು. ಶಾಂಭವಿ ಶಿವಲಿಂಗಮ್ಮನ ಕೈಯ ಫೋಟೋ ತೆಗೆದಳು. ಇನ್ನು ಮುಂದೆ ಪ್ರತಿದಿನ ಅದನ್ನು ನೋಡಿಕೊಂಡು ಸ್ಫೂರ್ತಿಯ ಕೈಗೆ ಹಚ್ಚೆ ಬರೆಯುವುದು ದೇವರಾಜನ ಹೊಣೆಯಾಯಿತು. ಆ ಮಧ್ಯಾಹ್ನ ಶಿವಲಿಂಗಮ್ಮ ಇಪ್ಪತ್ತೆರಡು ರೊಟ್ಟಿ ಬಡಿದಳು. ದೀಪ ಆರಿಸಿದ ಮೇಲೆ, ಎಲ್ಲರೂ ಶೇಂಗಾ ಚಟ್ನಿಯೊಡನೆ ಅವನ್ನು ತಿಂದು ಮುಗಿಸುವವರೆಗೆ ಅಲ್ಲಿಂದ ಕದಲಲಿಲ್ಲ.

ಹೊರಗಿನಿಂದ ಬಂದವರು ಫೋನುಗಳನ್ನು ಗೇಟಿನಲ್ಲಿಯೇ ಇಡಬೇಕೆಂಬುದು ಶೆಡ್ಡಿನ ನಿಯಮ. ಹಾಗಾಗಿ ಆ ದಿನದ ಗುರುತಾಗಿ ಆಕೆಯ ಬಳಿ ಉಳಿದದ್ದು ಏನೂ ಇಲ್ಲ. ಆಗ ಅದು ಬೇಕೆಂದೂ ಅನ್ನಿಸಿರಲಿಲ್ಲ.

ಯುಗಾದಿ ಕಳೆದ ಮೇಲೆ ಟೀವಿಯಲ್ಲಿ ಹೊಸ ಸೀಸನ್ನಿನ ಜಾಹೀರಾತು ಬರತೊಡಗಿತು. ವಠಾರದಲ್ಲಿ ದೊಡ್ಡ ಟೀವಿ ಇದ್ದದ್ದು ಮಹಾನಂದಾಳ ಮನೆಯಲ್ಲಿ. ಆಕೆ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಅಂಗಿಯನ್ನು ದೀಪದ ಕೆಳಗೆ ಹರಡಿ, ಎಲ್ಲಿ ಒಂದು ಹೊಲಿಗೆ ತಪ್ಪಿದೆಯೋ ಅಲ್ಲಿಗೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಹನ್ನೊಂದು ವರ್ಷದಿಂದ ಅವಳ ಉದ್ಯೋಗ. ಆ ಸ್ಟಿಕ್ಕರುಗಳ ಹಾಳೆಯೊಂದು ಅವಳ ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಆ ಕಣ್ಣು ಮನೆಗೆ ಬಂದರೂ ಮುಚ್ಚುತ್ತಿರಲಿಲ್ಲ. ನೆರೆಹೊರೆಯ ರಂಗೋಲಿಯನ್ನೂ ಸೊಸೆಯರ ಸೆರಗನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದಳು. ಜಾಹೀರಾತಿನಲ್ಲಿ ಎರಡು ಕೈಗಳು ರೊಟ್ಟಿ ಬಡಿಯುವುದು ಮಿಂಚಿ ಮರೆಯಾದಾಗ, ಬಾಗಿಲಲ್ಲಿ ಕೂತಿದ್ದ ಶಿವಲಿಂಗಮ್ಮ, ಅವು ತನ್ನ ಕೈಗಳೆಂದು ಸಹಜವಾಗಿ ಹೇಳಿದಳು.

ಹೆಂಗಸರು ನಕ್ಕರು, ತಮಾಷೆಯೆಂದೇ ತಿಳಿದರು. ಅಲ್ಲವೆಂದು ಗೊತ್ತಾದಾಗ ನಗು ಬೇರೆಯಾಯಿತು. ಕೈಯ ಹಚ್ಚೆಯನ್ನು ತೋರಿಸಿದರೆ, ಅಂಥ ಹಚ್ಚೆ ತಮ್ಮ ಕಡೆಯ ಹಿರಿಯರಲ್ಲಿ ಯಾರಿಗಿಲ್ಲ ಎಂದು ಮಹಾನಂದಾ ಕೇಳಿದಳು. ಊರೂರು ತಿರುಗುವ ಹೆಂಗಸರು ನಾಲ್ಕೈದು ನಮೂನೆಯನ್ನೇ ಎಲ್ಲರ ಕೈಗೂ ಚುಚ್ಚುತ್ತಿದ್ದರಲ್ಲವೇ ಎಂದಳು. ವಾರದೊಳಗೆ ಸ್ಫೂರ್ತಿಯ ಸಂದರ್ಶನ ಬಂತು. ಮೂರು ತಿಂಗಳು ಕೂತು ರೊಟ್ಟಿ ಬಡಿಯುವುದನ್ನು ಕಲಿತದ್ದಾಗಿ ಆಕೆ ಅಂಗೈ ತೋರಿಸಿ ವಿವರಿಸಿದಳು. ಮಹಾನಂದಾ ಟೀವಿಯ ಸದ್ದು ತಗ್ಗಿಸಿ ಬಾಗಿಲಿನ ಕಡೆ ತಿರುಗಿದಳು.

“ನೋಡವ್ವ ಯಕ್ಕಾ, ರಾಣಿ ಸಾಕ್ಷಿ ಹೇಳಾಕತ್ತಾಳ. ನಿನ್ನ ಕೈ ನಿನಗ ವಾಪಸ್ ಕೊಟ್ಟಾಳ, ತಗೋ.”

ಅಷ್ಟಕ್ಕೇ ನಿಂತಿದ್ದರೆ ಶಿವಲಿಂಗಮ್ಮ ಸಹಿಸುತ್ತಿದ್ದಳು. ಎರಡು ದಿನದ ಅನಂತರ ನಲ್ಲಿಯ ಬಳಿ, ಹೊಸದಾಗಿ ವಠಾರಕ್ಕೆ ಬಂದಿದ್ದ ಶಿವಗಂಗಾ ಎಂಬ ಸೊಸೆಗೂ ಇನ್ನೊಬ್ಬಳಿಗೂ ಮೊದಲ ಕೊಡದ ಮಾತು ಬಂತು. ನಿನ್ನೆ ಶಿವಗಂಗಾಳದೇ ಮೊದಲಾಗಿತ್ತೆಂದು ಶಿವಲಿಂಗಮ್ಮ ಎಂದಿನಂತೆ ಹೇಳಿದಳು. ಹುಡುಗಿ ಕೊಡವನ್ನು ನಲ್ಲಿಯ ಕೆಳಗಿನಿಂದ ತೆಗೆಯಲಿಲ್ಲ.

“ಇದು ಖರೇದೋ, ರಾಣಿ ಕತಿಯೋ, ಅತ್ತಿ?” ಎಂದು ಕೇಳಿದಳು.

ಯಾರೂ ಅವಳನ್ನು ಗದರಲಿಲ್ಲ. ಒಬ್ಬಿಬ್ಬರು ಸೆರಗಿನೊಳಗೆ ನಕ್ಕರು. ಆ ಬೆಳಗಿನಿಂದ ಪ್ರತಿಯೊಬ್ಬರೂ ತಮ್ಮ ನೆನಪನ್ನೇ ಸಾಕ್ಷಿಗೆ ಕರೆಯತೊಡಗಿದರು. ಮೂರನೆಯ ದಿನ ಎರಡು ಪ್ಲಾಸ್ಟಿಕ್ ಕೊಡಗಳು ಒಡೆದವು. ಶಿವಲಿಂಗಮ್ಮ ತನ್ನ ಕೊಡವನ್ನು ಎಲ್ಲರ ಕೊನೆಗೆ ಇಟ್ಟು, ಏನೂ ಹೇಳದೆ ನಿಲ್ಲುವುದನ್ನು ರೂಢಿಸಿಕೊಂಡಳು. ಹೋಗಲಿ ಬಿಡು, ಯಾರ ಕೈ ಆದರೇನು ಎಂದು ಈಶಪ್ಪ ಹೇಳಿದಾಗ ಆಕೆ ಅವನಿಗೆ ಎರಡು ದಿನ ಉತ್ತರ ಕೊಡಲಿಲ್ಲ. ಆಕೆಗೆ ಬೇಕಾಗಿದ್ದುದು ರಾಣಿಯ ಕೈ ಎಂಬ ಹೆಸರಲ್ಲ. ಹದಿನೆಂಟು ವರ್ಷ ಎಂಟು ಮನೆಗಳು ಒರೆಗೆ ಹಚ್ಚದೆ ತೆಗೆದುಕೊಂಡಿದ್ದ ತನ್ನ ಮಾತು, ಒಂದು ನಿಜವನ್ನು ಹೇಳಿದ್ದಕ್ಕಾಗಿಯೇ ಸವಕಲು ನಾಣ್ಯವಾದದ್ದು ಆಕೆಗೆ ಅರ್ಥವಾಗುತ್ತಿರಲಿಲ್ಲ.

ಹಚ್ಚೆಯ ಸಂಚಿಕೆ ಬಂದದ್ದು ಒಂದು ಮಂಗಳವಾರ ಸಂಜೆ ಏಳೂವರೆಗೆ. ಶಿವಲಿಂಗಮ್ಮ ಅದಕ್ಕಾಗಿ ಕಾದಿದ್ದಳು. ರೈತನ ಹೆಂಡತಿಯಾದ ಪಾತ್ರದಾಕೆ, ಬೋಳಗೈ ಕಂಡರೆ ಬಾವಿಕಟ್ಟೆಯಲ್ಲಿಯೇ ಕೇಳುತ್ತಾರೆಂದು ರಾಣಿಗೆ ಹೇಳಿದಾಗ, ತನ್ನ ಬಾಯಿಯ ಮಾತು ಟೀವಿಯಿಂದ ಹೊರಬಂದದ್ದನ್ನು ಕೇಳಿ ಆಕೆ ನೆಟ್ಟಗೆ ಕೂತಳು. ಆದರೆ ಆ ಸಂಚಿಕೆ ಆಕೆಗೆ ನೆರವಾಗಲಿಲ್ಲ. ಬದಲಾಗಿ ಇದ್ದ ಎಳೆಯನ್ನೂ ಕಡಿದುಹಾಕಿತು. ಸ್ಫೂರ್ತಿಯ ಮುಖ, ತೋಳು, ಕೈ, ಕೈಯ ಮೇಲಿನ ಹಸಿರು ಹಚ್ಚೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಂಡವು. ಹಚ್ಚೆ ಅವಳ ಕೈಯಲ್ಲಿಯೇ ಇರುವಾಗ ಇನ್ನೊಬ್ಬರ ಕೈ ಅವರಿಗೇಕೆ ಎಂದು ಮಹಾನಂದಾ ಕೇಳಿದಳು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಕನಿಕರವಿತ್ತು. ಶಿವಲಿಂಗಮ್ಮನಿಗೆ ಅದು ಹೆಚ್ಚು ಚುಚ್ಚಿತು.

ಮಾರನೆಯ ದಿನ ಖಾನಾವಳಿಯ ಊಟದ ಡಬ್ಬಿಗಳೊಡನೆ ಆಕೆ ತಾನೇ ಶೆಡ್ಡಿಗೆ ಹೋದಳು. ಶಾಂಭವಿ ಹೊರಗೆ ಬಂದು, ಹಳೆಯ ತೂಕದ ಯಂತ್ರದ ಕಟ್ಟೆಯ ಮೇಲೆ ಆಕೆಯನ್ನು ಕೂರಿಸಿ, ನಲ್ಲಿಯ ಕಥೆಯನ್ನೂ ಕೊಡಗಳ ಕಥೆಯನ್ನೂ ಪೂರ್ತಿಯಾಗಿ ಕೇಳಿದಳು. ವಠಾರಕ್ಕೆ ಬಂದು ಒಂದು ಮಾತು ಹೇಳಬಹುದೇ ಎಂಬುದು ಶಿವಲಿಂಗಮ್ಮನ ಕೋರಿಕೆ. ಶಾಂಭವಿ ತಲೆ ತಗ್ಗಿಸಿದಳು. ಕೈ ಬೇರೆಯವರದೆಂದು ಹೊರಗೆ ಎಲ್ಲಿಯೂ ಬಾಯಿಬಿಡುವುದಿಲ್ಲವೆಂದು, ಒಂದೇ ದಿನಕ್ಕೆ ಬಂದಿದ್ದ ಶಿವಲಿಂಗಮ್ಮನ ಹೊರತು, ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದರು. ಅದರಲ್ಲಿಯೂ ಸ್ಫೂರ್ತಿಯ ಸಂದರ್ಶನವಾದ ಮೇಲೆ ಆ ಮಾತನ್ನು ಎತ್ತುವಂತೆಯೇ ಇರಲಿಲ್ಲ.

ಕ್ಷಮೆ ಕೇಳಲೆಂದು ಆಕೆಯ ಕೈ ಹಿಡಿದ ಶಾಂಭವಿಯ ದೃಷ್ಟಿ ಹಚ್ಚೆಯ ಮೇಲೆ ಬಿತ್ತು. ಅವಳು ಚುಕ್ಕಿಗಳನ್ನು ಎಣಿಸಿದಳು. ಅನಂತರ ಫೋನಿನಲ್ಲಿ ಹಿಂದಿನ ಸಂಜೆಯ ಸಂಚಿಕೆಯನ್ನು ತೆರೆದು, ಸ್ಫೂರ್ತಿಯ ಕೈಯನ್ನು ದೊಡ್ಡದು ಮಾಡಿ ನೋಡಿದಳು. ದೇವರಾಜ್ ಅಚ್ಚುಕಟ್ಟಿನ ಮನುಷ್ಯ. ಫೋಟೋದಲ್ಲಿದ್ದ ಖಾಲಿ ಮೂಲೆ ಅವನ ಕಣ್ಣಿಗೆ ಕೊರತೆಯಾಗಿ ಕಂಡಿತ್ತು. ಅಲ್ಲೊಂದು ಚುಕ್ಕಿ ಇಟ್ಟು, ಒಂಬತ್ತನ್ನು ತುಂಬಿಸಿಬಿಟ್ಟಿದ್ದ. ಹನ್ನೊಂದು ದಿನ ಅದೇ ಚುಕ್ಕಿಯನ್ನು ಇಟ್ಟಿದ್ದ. ತಾಳೆ ನೋಡುವುದೇ ಉದ್ಯೋಗವಾದ ಶಾಂಭವಿ ಆ ಹನ್ನೊಂದು ದಿನವೂ ಅದನ್ನು ಗಮನಿಸಿರಲಿಲ್ಲ.

ರೊಟ್ಟಿಯ ದೃಶ್ಯ ಮಾರನೆಯ ಸಂಜೆ ಪ್ರಸಾರವಾಗಬೇಕಿತ್ತು. ಸಂಕಲನದ ಕೋಣೆಗೆ ಹೋಗಿ ಹೇಳಿದರೆ, ಶಿವಲಿಂಗಮ್ಮನ ಕೈಗೂ ಕಂಪ್ಯೂಟರಿನಲ್ಲಿ ಒಂಬತ್ತನೆಯ ಚುಕ್ಕಿ ಇಡುವುದು ಅರ್ಧ ಗಂಟೆಯ ಕೆಲಸ. ಹೇಳುವುದು ಅವಳ ಕರ್ತವ್ಯವೂ ಹೌದು. ಶಾಂಭವಿ ಫೋನನ್ನು ಮುಚ್ಚಿ ಜೇಬಿನಲ್ಲಿಟ್ಟಳು.

“ನಾನು ಏನೂ ಹೇಳೋ ಹಾಗಿಲ್ಲ, ಅಮ್ಮ” ಎಂದಳು. “ನಾಳೆ ಸಂಜೆ ಎಲ್ಲಾರ ಜೊತೆ ಕೂತು ನೋಡಿ. ಅಷ್ಟೇ.”

ಇದರಿಂದ ಏನು ಸಿಕ್ಕಿತೆಂದು ಶಿವಲಿಂಗಮ್ಮನಿಗೆ ತಿಳಿಯಲಿಲ್ಲ. ಆದರೂ ಗುರುವಾರ ಸಂಜೆ, ಹೋಗುವುದೋ ಬೇಡವೋ ಎಂದು ಹೊಸ್ತಿಲಲ್ಲಿ ಸ್ವಲ್ಪ ನಿಂತು, ಮಹಾನಂದಾಳ ಮನೆಗೆ ಹೋಗಿ ಬಾಗಿಲ ಬಳಿ ಕೂತಳು. ಶಿವಗಂಗಾ ಸರಿದು ಜಾಗ ಕೊಟ್ಟಳು.

ಕಥೆಯಲ್ಲಿ ಶತ್ರುವಿನ ಬೇಹುಗಾರನೊಬ್ಬ ಯಾತ್ರಿಕನ ವೇಷದಲ್ಲಿ ರೈತನ ಮನೆಗೆ ಬಂದಿದ್ದ. ಅಡುಗೆಮನೆಯ ಹೆಣ್ಣು ರಾಣಿಯೋ ಅಲ್ಲವೋ ಎಂಬ ಸಂಶಯ ಅವನದು. ರಾಣಿ ಹಿಟ್ಟಿನ ಮುಂದೆ ಕೂತಳು. ಮುಖ ಸ್ಫೂರ್ತಿಯದು. ಮರುಕ್ಷಣ ತೆರೆಯ ತುಂಬ ಎರಡು ಕೈಗಳು. ಕುದಿನೀರು ಹಿಟ್ಟಿಗೆ ಬಿತ್ತು. ಅಂಗೈ ಬಿಸಿಗೆ ಅಂಜದೆ ನಾದಿತು. ಮುದ್ದೆ ಹಲಗೆಯ ಮೇಲೆ ಕೂತು, ಬಡಿತದ ಲಯಕ್ಕೆ ತಾನಾಗಿಯೇ ಸುತ್ತುತ್ತ ಹುಣ್ಣಿಮೆಯಂತೆ ಅಗಲವಾಗತೊಡಗಿತು. ಬೇಹುಗಾರ ಆ ಕೈಗಳನ್ನೇ ದಿಟ್ಟಿಸುತ್ತಿದ್ದ. ವಠಾರದ ಹೆಂಗಸರೂ ಅವನ್ನೇ ದಿಟ್ಟಿಸುತ್ತಿದ್ದರು.

“ಇಲ್ಲೊಂದು ಬಿಟ್ಟಾರ” ಎಂದಳು ಮಹಾನಂದಾ.

ಕಾರ್ಖಾನೆಯಲ್ಲಿ ತಪ್ಪು ಹೊಲಿಗೆ ಕಂಡಾಗಿನ ದನಿ ಅದು. ಏನೆಂದು ಯಾರೋ ಕೇಳಿದರು. ಮೊನ್ನೆ ಒಂಬತ್ತು ಚುಕ್ಕಿ ಇದ್ದವು, ನಿನ್ನೆಯೂ ಒಂಬತ್ತು, ಈಗ ನೋಡಿದರೆ ಎಂಟು, ಮೂಲೆಯದು ಇಲ್ಲ, ಇಷ್ಟು ದೊಡ್ಡ ಧಾರಾವಾಹಿ ಮಾಡುವವರಿಗೆ ಒಂದು ಚೆಕಿಂಗ್ ಬೇಡವೇ ಎಂದು ಆಕೆ ಗೊಣಗಿದಳು. ಗೊಣಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. ತೆರೆಯ ಮೇಲೆ ರೊಟ್ಟಿ ಹಂಚಿಗೆ ಬಿದ್ದು, ಒದ್ದೆ ಬಟ್ಟೆ ಅದರ ಮೇಲೆ ಆಡಿತು. ಬೇಹುಗಾರ ಎರಡು ರೊಟ್ಟಿ ತಿಂದು, ಇವಳು ರಾಣಿಯಲ್ಲವೆಂದು ತನ್ನವರಿಗೆ ಹೇಳಲು ಎದ್ದುಹೋದ. ಜಾಹೀರಾತು ಬಂತು.

ಮಹಾನಂದಾ ಎದ್ದು ದೀಪ ಹಾಕಿದಳು. ಬಾಗಿಲ ಬಳಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತು, ಕೇಳದೆಯೇ ಶಿವಲಿಂಗಮ್ಮನ ಬಲಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಬಳೆಗಳನ್ನು ಹಿಂದಕ್ಕೆ ಸರಿಸಿ, ಅಂಗಿಯೊಂದನ್ನು ಹರಡಿದಂತೆ ಬೆಳಕಿಗೆ ತಿರುಗಿಸಿದಳು. ಬೆರಳಿಟ್ಟು ಸಾಲುಸಾಲಾಗಿ ಎಣಿಸಿದಳು. ಮೂರು. ಮೂರು. ಎರಡು. ಕೊನೆಯ ಮೂಲೆಯ ಮೇಲೆ ಅವಳ ಬೆರಳು ನಿಂತಿತು.

“ಇದ್ಯಾಕ ಬಿಟ್ಟತಿ, ಯಕ್ಕಾ?”

“ನಾ ಓಡಿ ಹೋದ್ನಿ” ಎಂದಳು ಶಿವಲಿಂಗಮ್ಮ.

ಮಹಾನಂದಾ ಎದ್ದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಕೈಚೀಲದಿಂದ ಸ್ಟಿಕ್ಕರಿನ ಹಾಳೆ ತೆಗೆದು, ಒಂದು ಕೆಂಪು ಬಾಣವನ್ನು ಉಗುರಿನಿಂದ ಬಿಡಿಸಿ, ಅದರ ಮೊನೆ ಖಾಲಿ ಮೂಲೆಯನ್ನು ತೋರುವಂತೆ ಆ ಕೈಯ ಮೇಲೆ ಅಂಟಿಸಿದಳು. ಅನಂತರ ಆ ಕೈಯನ್ನು ತಾನೇ ಎತ್ತಿ, ಒಳಗೆ ಕೂತಿದ್ದವರಿಗೆಲ್ಲ ಕಾಣುವಂತೆ ಸ್ವಲ್ಪ ಹೊತ್ತು ಹಿಡಿದಳು. ಹೆಂಗಸರು ಒಬ್ಬೊಬ್ಬರಾಗಿ ಬಾಗಿ ನೋಡಿದರು. ಧಾರಾವಾಹಿ ಮತ್ತೆ ಮೊದಲಾಗಿತ್ತು. ಯಾರೂ ಅತ್ತ ತಿರುಗಲಿಲ್ಲ.

ಬೆಳಿಗ್ಗೆ ಆರಕ್ಕೆ ನೀರು ಬಂತು. ಏಳು ಕೊಡಗಳು ನಲ್ಲಿಯಿಂದ ಒಂದು ಮೊಳ ದೂರದಲ್ಲಿ ನಿಂತಿದ್ದವು. ಧಾರೆ ಬರಿಯ ಕಲ್ಲಿನ ಮೇಲೆ ಬೀಳುತ್ತಿತ್ತು. ಶಿವಲಿಂಗಮ್ಮ ತನ್ನ ಕೊಡದೊಡನೆ ಬಂದು, ರೂಢಿಯಾಗಿದ್ದಂತೆ ಕೊನೆಗೆ ಇಡಲು ಬಾಗಿದಳು. ಕೈಯ ಮೇಲೆ ಕೆಂಪು ಬಾಣ ಇನ್ನೂ ಇತ್ತು. ರಾತ್ರಿಯ ಪಾತ್ರೆ ತೊಳೆಯುವಾಗಲೂ ಅದನ್ನು ನೆನೆಯದಂತೆ ನೋಡಿಕೊಂಡಿದ್ದಳು.

“ಇವತ್ತ ಯಾರದು ಮೊದಲು, ಅತ್ತಿ?” ಎಂದು ಶಿವಗಂಗಾ ನೆಲ ನೋಡುತ್ತ ಕೇಳಿದಳು.

ಶಿವಲಿಂಗಮ್ಮ ಸುರಿಯುತ್ತಿದ್ದ ನೀರನ್ನು ನೋಡಿದಳು. ಅನಂತರ ಕೊಡಗಳ ಸಾಲನ್ನು ನೋಡಿದಳು. ನಿನ್ನೆ ಯಾರದು, ಮೊನ್ನೆ ಯಾರದು ಎಂಬುದನ್ನು ಆಕೆ ಬಾಯಿ ಮುಚ್ಚಿಕೊಂಡಿದ್ದ ಅಷ್ಟೂ ದಿನ ಮನಸ್ಸಿನಲ್ಲಿ ತಪ್ಪದೆ ಇಟ್ಟುಕೊಂಡೇ ಬಂದಿದ್ದಳು.

“ನಿಂದ. ಇಡು ಲಗೂನ, ನೀರ ಹೊಂಟತಿ” ಎಂದಳು.